ಹಳೆಯ ಮ್ಯಾಕ್ಸಿ ಸ್ಕೂಟರ್ ತಯಾರಿಕೆ ನಿಂತಿದೆ, ಹೊಸದನ್ನು ಆರಿಸುವುದು ಹೇಗೆ? ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

ಸುಜುಕಿ ಬರ್ಗ್‌ಮನ್ 650, ಹೋಂಡಾ ಸಿಲ್ವರ್ ವಿಂಗ್, ಬಿಎಂಡಬ್ಲ್ಯೂ ಸಿ 650 ಜಿಟಿ, ಯಮಹಾ ಎಕ್ಸ್‌ಮ್ಯಾಕ್ಸ್ 400. ಇವೆಲ್ಲ ಮ್ಯಾಕ್ಸಿ ಸ್ಕೂಟರ್‌ಗಳು, ಅಂದರೆ ದೊಡ್ಡ ಎಂಜಿನ್, ಅಗಲ ಸೀಟಿನ ಭಾರದ ಸ್ಕೂಟರ್‌ಗಳು. ಇವುಗಳ ತಯಾರಿಕೆ ನಿಂತಿದೆ. ಇವನ್ನು ಓಡಿಸಿ ರೂಢಿಯಾದವರು ಬದಲಿ ಗಾಡಿ ಹುಡುಕುವಾಗ ಮೊದಲು ಎಡವುವುದು ಇಲ್ಲಿ: "ನನ್ನದು 650 ಸಿಸಿ, ಅದಕ್ಕೆ ಹತ್ತಿರದ್ದು ಯಾವುದು?" ಎಂದು ಸಿಸಿಯಿಂದ ಶುರು ಮಾಡುತ್ತಾರೆ. ಹಾಗೆ ಹೊರಟವರ ಕೈಗೆ ಮೊದಲು ಸಿಗುವುದು ಹೋಂಡಾ ಫೋರ್ಜಾ 750. ಎಂಜಿನ್ ದೊಡ್ಡದು, ಗಾಡಿ ಒಳ್ಳೆಯದು. ಆದರೆ ಬರ್ಗ್‌ಮನ್ 650ರ ಸೀಟಿನಡಿ ಸುಮಾರು 50 ಲೀಟರ್ ಜಾಗವಿತ್ತು, ಫೋರ್ಜಾ 750ರಲ್ಲಿ ಇರುವುದು 22 ಲೀಟರ್. ಎರಡನೇ ಹೆಲ್ಮೆಟ್ ಎಲ್ಲಿಡುವುದು ಎಂಬುದು ದುಡ್ಡು ಕಟ್ಟಿದ ಮೇಲೆ ತಿಳಿಯುತ್ತದೆ.

ಹಳೆಯ ಗಾಡಿಯ ನಕಲು ಸಿಗುವುದಿಲ್ಲ. ಅದು ಮಾಡಿಕೊಡುತ್ತಿದ್ದ ಕೆಲಸ ಯಾವ ಹೊಸ ಗಾಡಿಯಲ್ಲಿ ಆಗುತ್ತದೆ ಎಂದು ನೋಡಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಟೆಸ್ಟ್ ರೈಡ್ ಮೊದಲು ಮಾಡಿ ಲೆಕ್ಕ ಆಮೇಲೆ ಹಾಕಿದರೆ, ಮನಸ್ಸು ಸೋತ ಗಾಡಿಗೆ ತಕ್ಕಂತೆ ಲೆಕ್ಕವೂ ಬಾಗುತ್ತದೆ.

ಬೇಕಾದವು ಇಷ್ಟೇ: ಅಳತೆ ಟೇಪು, ಪೆನ್ನು ಪುಸ್ತಕ, ದಿನವೂ ಹಾಕುವ ಬೂಟು, ನಿಮ್ಮ ಮತ್ತು ಹಿಂದೆ ಕೂರುವವರ ಹೆಲ್ಮೆಟ್, ಮಳೆ ಕೋಟು. ಸಾಧ್ಯವಾದರೆ ಹಿಂದೆ ಕೂರುವವರನ್ನೂ ಕರೆದುಕೊಂಡು ಹೋಗಿ.

## ಹಂತ 1: ಹಳೆಯ ಗಾಡಿಯ ಲೆಕ್ಕ ಬರೆಯಿರಿ

ಮಾದರಿ ನಿಂತಿತು ಎಂದ ಮಾತ್ರಕ್ಕೆ ನಿಮ್ಮ ಗಾಡಿ ನಾಳೆಯೇ ಮೂಲೆಗೆ ಬೀಳುವುದಿಲ್ಲ. ಬೆಲ್ಟ್, ಬ್ರೇಕ್ ಪ್ಯಾಡ್, ಫಿಲ್ಟರ್‌ನಂಥ ಸವೆಯುವ ಭಾಗಗಳು ಸಾಮಾನ್ಯವಾಗಿ ವರ್ಷಗಳ ಕಾಲ ಸಿಗುತ್ತಲೇ ಇರುತ್ತವೆ. ಮೊದಲು ಕಾಣೆಯಾಗುವುದು ಮೈಮೇಲಿನ ಪ್ಯಾನೆಲ್, ಹೆಡ್‌ಲೈಟ್, ಮೀಟರ್ ಬೋರ್ಡ್, ಎಲೆಕ್ಟ್ರಾನಿಕ್ ಘಟಕಗಳು. ಇವು ಇನ್ನೂ ಸಿಗುತ್ತಿದ್ದು ಗಾಡಿಯೂ ಚೆನ್ನಾಗಿದ್ದರೆ ಅವಸರ ಪಡಬೇಡಿ.

ಬದಲಿಸುವುದೇ ಖಚಿತವಾದರೆ ಐದು ವಿಷಯ ಬರೆಯಿರಿ. ವಾರದಲ್ಲಿ ಎಷ್ಟು ಕಿಲೋಮೀಟರ್, ಅದರಲ್ಲಿ ಹೆದ್ದಾರಿ ಎಷ್ಟು? ಹಿಂದೆ ಯಾರಾದರೂ ಕೂರುತ್ತಾರೆಯೇ, ಎಷ್ಟು ಸಲ? ಡಿಕ್ಕಿಯಲ್ಲಿ ನಿಜವಾಗಿ ಏನೇನು ಇಡುತ್ತೀರಿ? ಗಾಡಿಯನ್ನು ಎಲ್ಲಿ ನಿಲ್ಲಿಸುತ್ತೀರಿ, ಅಲ್ಲಿಂದ ಹಿಂದಕ್ಕೆ ತಳ್ಳಿ ತೆಗೆಯಬೇಕೇ? ಹಳೆಯ ಗಾಡಿಯಲ್ಲಿ ನಿಮಗೆ ಆಗದಿದ್ದದ್ದು ಏನು?

ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬರ್ಗ್‌ಮನ್ 650 ಸುಮಾರು 275 ಕಿಲೋ ತೂಗುತ್ತಿತ್ತು. ಅದನ್ನು ತಳ್ಳಿ ಸಾಕಾದವರಿಗೆ 180 ಕಿಲೋ ಆಸುಪಾಸಿನ 350 ಸಿಸಿ ಗಾಡಿಯೇ ಸರಿಹೋದೀತು. ಈ ಪ್ರಶ್ನೆ ಕೇಳಿಕೊಳ್ಳದಿದ್ದರೆ ಅದು ಹೊಳೆಯುವುದೇ ಇಲ್ಲ.

## ಹಂತ 2: ಯಾವ ಗುಂಪು ಎಂದು ತೀರ್ಮಾನಿಸಿ

ಯುರೋಪಿನಲ್ಲಿ 2021ರ ಜನವರಿಯಿಂದ ಮಾರಾಟವಾಗುವ ಎಲ್ಲ ಹೊಸ ದ್ವಿಚಕ್ರಗಳಿಗೂ ಯುರೋ 5 ಹೊಗೆ ಮಿತಿ ಅನ್ವಯವಾಯಿತು. ಹಳೆಯ ಎಂಜಿನ್‌ಗಳನ್ನು ಅದಕ್ಕೆ ಹೊಂದಿಸುವ ಖರ್ಚು ಗಿಟ್ಟದ ಕಡೆ ಮಾದರಿಗಳೇ ನಿಂತವು. ಉಳಿದಿರುವುದು ಮುಖ್ಯವಾಗಿ ಎರಡು ಗುಂಪು.

300ರಿಂದ 400 ಸಿಸಿ, ಒಂದು ಸಿಲಿಂಡರ್. ಯಮಹಾ ಎಕ್ಸ್‌ಮ್ಯಾಕ್ಸ್ 300, ಹೋಂಡಾ ಫೋರ್ಜಾ 350, ಬಿಎಂಡಬ್ಲ್ಯೂ ಸಿ 400 ಜಿಟಿ, ಸುಜುಕಿ ಬರ್ಗ್‌ಮನ್ 400 ಈ ಗುಂಪಿನವು. ಶಕ್ತಿ 28ರಿಂದ 34 ಎಚ್‌ಪಿ. ಒಬ್ಬರೇ ಹೋಗುವಾಗ ಗಂಟೆಗೆ 100–110 ಕಿಲೋಮೀಟರ್ ವೇಗಕ್ಕೆ ಧಾರಾಳವಾಗಿ ಸಾಕು. ಇಬ್ಬರು ಕೂತು ಸಾಮಾನು ಹೇರಿ ಏರುದಾರಿಯಲ್ಲಿ ಲಾರಿ ಹಿಂದಿಕ್ಕುವಾಗ ಮಾತ್ರ ಮುಂಚಿತವಾಗಿ ಯೋಚಿಸಬೇಕಾಗುತ್ತದೆ.

500ರಿಂದ 750 ಸಿಸಿ, ಎರಡು ಸಿಲಿಂಡರ್. ಯಮಹಾ ಟಿಮ್ಯಾಕ್ಸ್ 560, ಕಿಮ್ಕೊ ಎಕೆ ಸರಣಿ, ಎಸ್‌ವೈಎಂ ಮ್ಯಾಕ್ಸಿಮ್ ಟಿಎಲ್, ಹೋಂಡಾ ಫೋರ್ಜಾ 750 ಮತ್ತು ಎಕ್ಸ್-ಎಡಿವಿ. ಇವು 40ರಿಂದ 58 ಎಚ್‌ಪಿ. ವಾರಕ್ಕೆ ಹಲವು ಸಲ ಇಬ್ಬರೂ ಹೆದ್ದಾರಿಗೆ ಹೋಗುವವರಿಗೆ ಈ ಗುಂಪು ಬೇಕು. ಊರೊಳಗೇ ಓಡಾಡುವವರಿಗೆ ಇದರ ತೂಕ, ಖರ್ಚು ಎರಡೂ ದಂಡ.

ಪಿಯಾಜಿಯೊ ಎಂಪಿ3ಯಂಥ ಮೂರು ಚಕ್ರದವೂ ಇವೆ. ಒದ್ದೆ ರಸ್ತೆಯಲ್ಲಿ ಮುಂಭಾಗ ಜಾರುತ್ತದೆಂಬ ಭಯವಿದ್ದವರಿಗೆ ನಿಜಕ್ಕೂ ಆಸರೆ, ಆದರೆ ಅಗಲ ಮತ್ತು ತೂಕ ಜಾಸ್ತಿ. ವಿದ್ಯುತ್ ಗಾಡಿ ಬೇಕೆನ್ನುವವರಿಗೆ ಬಿಎಂಡಬ್ಲ್ಯೂ ಸಿಇ 04 ಇದೆ. ಕಂಪನಿ ಹೇಳುವ ದೂರ 130 ಕಿಲೋಮೀಟರ್. ಒಂದೇ ಸಮನೆ ಹೆದ್ದಾರಿ ವೇಗದಲ್ಲಿ ಹೋದರೆ ಅಷ್ಟು ಬರುವುದಿಲ್ಲ. ನಿಮ್ಮ ಒಂದು ದಿನದ ಅತಿ ಉದ್ದದ ಓಡಾಟವು ಹೇಳಿದ ದೂರದ ಅರ್ಧಕ್ಕಿಂತ ಹೆಚ್ಚಿದ್ದರೆ, ದಾರಿಯಲ್ಲಿ ಚಾರ್ಜಿಂಗ್ ಎಲ್ಲಿ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಇಲ್ಲೇ ಲೈಸೆನ್ಸ್ ಕೂಡ ನೋಡಿ. ಯುರೋಪಿನ ಎ2 ದರ್ಜೆಯ ಮಿತಿ 35 ಕಿಲೋವ್ಯಾಟ್. ಟಿಮ್ಯಾಕ್ಸ್ 560ರ ಶಕ್ತಿ ಸರಿಯಾಗಿ ಅಲ್ಲಿಗೇ ನಿಂತಿದೆ. ಜಪಾನಿನ ಸಾಮಾನ್ಯ ದ್ವಿಚಕ್ರ ಲೈಸೆನ್ಸ್ 400 ಸಿಸಿವರೆಗೆ ಮಾತ್ರ. ನೀವಿರುವ ಕಡೆ ಗೆರೆ ಎಲ್ಲಿದೆ ಎಂದು ತಿಳಿದುಕೊಂಡೇ ಮುಂದುವರಿಯಿರಿ.

## ಹಂತ 3: ಭಾರ ಮತ್ತು ಇಂಧನದ ಲೆಕ್ಕ ಹಾಕಿ

ಮಾಹಿತಿ ಪಟ್ಟಿಯಲ್ಲಿ ಎರಡು ತೂಕ ಹುಡುಕಿ: ಇಂಧನ, ಆಯಿಲ್ ತುಂಬಿದ ಗಾಡಿಯ ತೂಕ, ಮತ್ತು ಅನುಮತಿಸಿದ ಗರಿಷ್ಠ ಒಟ್ಟು ತೂಕ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಗಾಡಿ ಹೊರಬಲ್ಲ ಭಾರ ಸಿಗುತ್ತದೆ. ಒಟ್ಟು 400 ಕಿಲೋ, ಗಾಡಿ 220 ಕಿಲೋ ಎಂದಿಟ್ಟುಕೊಳ್ಳಿ, ಉಳಿಯುವುದು 180. ಸವಾರರು 82, ಹಿಂದಿನವರು 66, ಇಬ್ಬರ ಹೆಲ್ಮೆಟ್, ಜಾಕೆಟ್, ಬೂಟು ಸೇರಿ 14 ಕಿಲೋ ಆದರೆ ಸಾಮಾನಿಗೆ ಉಳಿದದ್ದು 18 ಕಿಲೋ. ಟಾಪ್ ಬಾಕ್ಸ್ (ಸೀಟಿನ ಹಿಂದೆ ಜೋಡಿಸುವ ಪೆಟ್ಟಿಗೆ) ಮತ್ತು ಅದರ ತಟ್ಟೆಯೇ 6–7 ಕಿಲೋ ಇರುತ್ತವೆ. ಬಾಕ್ಸಿಗೆ ಬೇರೆ ಮಿತಿಯೂ ಉಂಟು, ಹಲವು ಗಾಡಿಗಳಲ್ಲಿ ಅದು 10 ಕಿಲೋಗಿಂತ ಕಡಿಮೆ. ಮಿತಿ ಮೀರಿದ ಗಾಡಿಯ ಮುಂಭಾಗ ಹಗುರಾಗಿ, ವೇಗ ಇಳಿಸುವಾಗ ಹ್ಯಾಂಡಲ್ ನಡುಗಲು ಶುರುವಾಗುತ್ತದೆ. ದೋಷ ಗಾಡಿಯದೆಂದು ಸರ್ವೀಸಿಗೆ ಅಲೆಯುತ್ತಾರೆ. ಭಾರ ಇಳಿಸಿದರೆ ಹೋಗುತ್ತದೆ.

ಇಂಧನದ್ದು ಸುಲಭ. ಟ್ಯಾಂಕಿನ ಲೀಟರನ್ನು ಮೈಲೇಜಿನಿಂದ ಗುಣಿಸಿ, ಬಂದದ್ದರ ಶೇ. 80 ಹಿಡಿಯಿರಿ. 13.5 ಲೀಟರ್ ಟ್ಯಾಂಕು, ಲೀಟರಿಗೆ 25 ಕಿಲೋಮೀಟರ್ ಎಂದರೆ ನೆಮ್ಮದಿಯಾಗಿ 270 ಕಿಲೋಮೀಟರ್.

## ಹಂತ 4: ಮೈಗೆ ಹೊಂದುತ್ತದೆಯೇ ನೋಡಿ

ಅತಿ ಹೆಚ್ಚು ಜನ ಸೋಲುವುದು ಇಲ್ಲಿ, ಅದೂ ಸೀಟಿನ ಎತ್ತರದ ಅಂಕಿ ನಂಬಿ. ಬರ್ಗ್‌ಮನ್ 400ರ ಸೀಟು 755 ಮಿ.ಮೀ., ಫೋರ್ಜಾ 350ರದ್ದು 780, ಎಕ್ಸ್‌ಮ್ಯಾಕ್ಸ್ 300ರದ್ದು 795, ಟಿಮ್ಯಾಕ್ಸ್‌ನದು 800 ಮಿ.ಮೀ. ಆದರೆ ಮ್ಯಾಕ್ಸಿ ಸ್ಕೂಟರಿನ ಸೀಟು ಅಗಲ. ತೊಡೆಗಳು ಎಷ್ಟು ಅಗಲಕ್ಕೆ ಚಾಚುತ್ತವೆಯೋ ಪಾದ ಅಷ್ಟು ಮೇಲೆ ಉಳಿಯುತ್ತದೆ. ಹಾಗಾಗಿ ಮುಂಭಾಗ ಕಿರಿದಾದ 795ರ ಸೀಟಿನಲ್ಲಿ ನೆಲ ಮುಟ್ಟುವ ಕಾಲು, ಅಗಲವಾದ 760ರ ಸೀಟಿನಲ್ಲಿ ಮುಟ್ಟದೆ ಇರಬಹುದು.

ಪರೀಕ್ಷೆ ಹೀಗೆ ಮಾಡಿ.

1. ದಿನವೂ ಹಾಕುವ ಬೂಟಿನಲ್ಲೇ ಕೂತು, ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ನೇರವಾಗಿ ನಿಲ್ಲಿಸಿ. ಎರಡೂ ಪಾದದ ಮುಂಭಾಗ ಗಟ್ಟಿಯಾಗಿ ಊರಬೇಕು. ಬೆರಳ ತುದಿ ಮಾತ್ರ ತಾಗಿದರೆ ಇಳಿಜಾರಿನಲ್ಲಿ ಕಷ್ಟ.

2. ಕೂತಲ್ಲೇ ಗಾಡಿಯನ್ನು ಮೂರು ನಾಲ್ಕು ಮೀಟರ್ ಹಿಂದಕ್ಕೆ ತಳ್ಳಿ. ಹಿಂದಿನವರ ಫುಟ್‌ರೆಸ್ಟ್ ಅಥವಾ ಪಕ್ಕದ ಪ್ಯಾನೆಲಿನ ಅಂಚು ಮೀನಖಂಡಕ್ಕೆ ಬಡಿಯುತ್ತದೆಯೇ ಗಮನಿಸಿ. ಈ ತೊಂದರೆ ಶೋರೂಮಿನಲ್ಲಿ ಸುಮ್ಮನೆ ಕೂತರೆ ಗೊತ್ತೇ ಆಗುವುದಿಲ್ಲ.

3. ಹತ್ತುವಾಗ ಎರಡು ಪಾದಗಳ ನಡುವೆ ಎದ್ದು ನಿಂತಿರುವ ದಿಮ್ಮಿಯಂಥ ಭಾಗದ ಮೇಲೆ ಕಾಲು ದಾಟಿಸಿ ನೋಡಿ. ಮ್ಯಾಕ್ಸಿಗಳ ನೆಲ ಸಣ್ಣ ಸ್ಕೂಟರಿನಂತೆ ಚಪ್ಪಟೆ ಇರುವುದಿಲ್ಲ. ಮಂಡಿ ಅಥವಾ ಸೊಂಟದ ನೋವಿದ್ದವರು ಟಾಪ್ ಬಾಕ್ಸ್ ಹಾಕಿದ ಗಾಡಿಯಲ್ಲೇ ಇದನ್ನು ಪರೀಕ್ಷಿಸಬೇಕು. ಹಿಂದಿನಿಂದ ಕಾಲು ಬೀಸಲು ಆಗ ಜಾಗವಿರುವುದಿಲ್ಲ.

4. ಸೆಂಟರ್ ಸ್ಟ್ಯಾಂಡಿಗೆ ನೀವೇ ಏರಿಸಿ, ನೀವೇ ಇಳಿಸಿ. ಸೇಲ್ಸ್‌ನವರು ಮಾಡಿ ತೋರಿಸಿದರೆ ಲೆಕ್ಕಕ್ಕಿಲ್ಲ.

5. ಕಾಲು ಮುಂದಕ್ಕೆ ಚಾಚಿ ಹತ್ತು ನಿಮಿಷ ಕೂರಿ. ಎತ್ತರದವರಿಗೆ ಸೀಟಿನ ನಡುವಿನ ಬೆನ್ನಾಸರೆ ಮುಂದಕ್ಕೆ ದೂಡುತ್ತಿದ್ದರೆ ಅದು ಹಿಂದೆ ಸರಿಯುತ್ತದೆಯೇ ಕೇಳಿ.

ಪಾರ್ಕಿಂಗ್ ಬ್ರೇಕ್ ಇದೆಯೇ ಎಂಬುದನ್ನು ಮರೆಯಬೇಡಿ. ಗೇರಿನ ಬೈಕನ್ನು ಇಳಿಜಾರಿನಲ್ಲಿ ಗೇರಿಗೆ ಹಾಕಿ ನಿಲ್ಲಿಸಬಹುದು. ಎಂಜಿನ್ ಆಫ್ ಆದ ಸಿವಿಟಿ (ಗೇರು ಬದಲಿಸಬೇಕಿಲ್ಲದ, ಬೆಲ್ಟ್ ಮೇಲೆ ಓಡುವ) ಗಾಡಿಯಲ್ಲಿ ಚಕ್ರ ಸ್ವತಂತ್ರವಾಗಿ ಉರುಳುತ್ತದೆ. ಸೈಡ್ ಸ್ಟ್ಯಾಂಡ್ ಮೇಲಿದ್ದ 220 ಕಿಲೋ ಗಾಡಿ ಒಂದು ಅಡಿ ಮುಂದೆ ಜಾರಿದರೂ ಸ್ಟ್ಯಾಂಡ್ ಮಡಚಿಕೊಂಡು ಬೀಳುತ್ತದೆ. ಬಿಎಂಡಬ್ಲ್ಯೂ ಸಿ 650ರಲ್ಲಿ ಸೈಡ್ ಸ್ಟ್ಯಾಂಡ್ ಇಳಿಸಿದರೆ ಬ್ರೇಕ್ ತಾನಾಗಿ ಹಿಡಿಯುತ್ತಿತ್ತು. ಅದಕ್ಕೆ ಒಗ್ಗಿದವರು ಹೊಸ ಗಾಡಿಯಲ್ಲಿ ಬ್ರೇಕ್ ಎಳೆಯುವುದನ್ನು ಮರೆಯುವ ಸಂಭವ ಹೆಚ್ಚು.

## ಹಂತ 5: ಸಿವಿಟಿಯೋ ಡಿಸಿಟಿಯೋ

ಬೆಲ್ಟ್ ಮೇಲೆ ಓಡುವ ಸಿವಿಟಿಯಲ್ಲಿ ಎಂಜಿನ್ ವೇಗ ಹೆಚ್ಚಿದಂತೆ ಮುಂದಿನ ಪುಲ್ಲಿಯೊಳಗಿನ ರೋಲರ್‌ಗಳು ಹೊರಕ್ಕೆ ಸರಿದು ಬೆಲ್ಟನ್ನು ಮೇಲಕ್ಕೆ ಏರಿಸುತ್ತವೆ. ಎಲ್ಲೂ ಗೇರು ಬಿದ್ದ ಅನುಭವವಿಲ್ಲ, ಎಳೆತ ನುಣುಪು. ಬೆಲೆ ತೆರಬೇಕಾದ್ದು ಬೆಲ್ಟಿನಲ್ಲಿ. ಮಾದರಿಗೆ ತಕ್ಕಂತೆ ಸುಮಾರು 18,000ದಿಂದ 25,000 ಕಿಲೋಮೀಟರಿಗೆ ಬೆಲ್ಟ್ ಬದಲಿಸಬೇಕು. ರೋಲರ್‌ಗಳನ್ನೂ ಅದೇ ಹೊತ್ತಿಗೆ ನೋಡಬೇಕು. ಬೆಲ್ಟ್ ಸವೆದು ಅಗಲ ಕಡಿಮೆಯಾದರೆ ಮುಂದಿನ ಪುಲ್ಲಿಯಲ್ಲಿ ಕೆಳಗೇ ಉಳಿದು ಗರಿಷ್ಠ ವೇಗ ಇಳಿಯುತ್ತದೆ. ಹೊರಡುವಾಗ ಗಾಡಿ ಗಡಗಡ ನಡುಗಿದರೆ ಕ್ಲಚ್ ಪ್ಯಾಡ್ ಹೊಳಪುಗಟ್ಟಿದ ಲಕ್ಷಣ. ಬೆಲ್ಟ್ ಹರಿದರೆ ದಾರಿಯಲ್ಲಿ ಏನೂ ಮಾಡುವಂತಿಲ್ಲ.

ಹೋಂಡಾ ಫೋರ್ಜಾ 750 ಮತ್ತು ಎಕ್ಸ್-ಎಡಿವಿಯಲ್ಲಿರುವ ಡಿಸಿಟಿ ಬೇರೆಯೇ. ಅದು ಆರು ಗೇರಿನ ನಿಜವಾದ ಗೇರುಪೆಟ್ಟಿಗೆ, ಎರಡು ಕ್ಲಚ್‌ಗಳನ್ನು ಗಾಡಿಯೇ ನಿಭಾಯಿಸುತ್ತದೆ. ಸಿವಿಟಿ ಬೆಲ್ಟ್ ಇಲ್ಲ, ಎಂಜಿನ್ ಬ್ರೇಕಿಂಗ್ ಚೆನ್ನಾಗಿದೆ. ಆದರೆ ಹಿಂದಿನ ಚಕ್ರಕ್ಕೆ ಚೈನು. 500ರಿಂದ 1,000 ಕಿಲೋಮೀಟರಿಗೊಮ್ಮೆ ಚೈನಿಗೆ ಲೂಬ್ ಹಾಕಬೇಕು, ಬಿಗಿ ನೋಡಬೇಕು. ಹತ್ತು ವರ್ಷ ಸ್ಕೂಟರ್ ಓಡಿಸಿದವರಿಗೆ ಈ ಕೆಲಸವೇ ಗೊತ್ತಿರುವುದಿಲ್ಲ. ಒಣಗಿದ ಚೈನು ಬೇಗ ಸವೆದು ಹೋಗುತ್ತದೆ. ಟಿಮ್ಯಾಕ್ಸ್‌ನಲ್ಲಿ ಸಿವಿಟಿಯ ಜೊತೆಗೆ ಹಿಂದಿನ ಚಕ್ರಕ್ಕೆ ಹಲ್ಲಿನ ಬೆಲ್ಟ್ ಇದೆ. ಅದಕ್ಕೆ ಎಣ್ಣೆಯ ಗೊಡವೆಯಿಲ್ಲ.

ಇನ್ನೊಂದು ವ್ಯತ್ಯಾಸ ಎಂಜಿನ್ ಕೂತಿರುವ ಜಾಗದ್ದು. ಒಂದು ಸಿಲಿಂಡರಿನ ಬಹುತೇಕ ಗಾಡಿಗಳಲ್ಲಿ ಎಂಜಿನ್, ಸಿವಿಟಿ, ಹಿಂದಿನ ಚಕ್ರ ಒಂದೇ ತುಂಡಾಗಿ ಮೇಲೆ ಕೆಳಗೆ ಆಡುತ್ತವೆ. ಆಡುವ ಭಾಗ ಭಾರವಾದಷ್ಟೂ ಶಾಕ್ ಅಬ್ಸಾರ್ಬರಿಗೆ ಅದನ್ನು ಹಿಡಿಯುವುದು ಕಷ್ಟ, ಗುಂಡಿಯ ಹೊಡೆತ ನೇರ ಬೆನ್ನಿಗೆ. ಟಿಮ್ಯಾಕ್ಸ್, ಫೋರ್ಜಾ 750ರಲ್ಲಿ ಎಂಜಿನ್ ಚೌಕಟ್ಟಿಗೆ ಕೂತಿದೆ, ಹಿಂದಿನ ತೋಳು ಮಾತ್ರ ಆಡುತ್ತದೆ. ನಿಮ್ಮ ದಾರಿ ಕೆಟ್ಟದ್ದಾಗಿದ್ದರೆ ಎಚ್‌ಪಿಗಿಂತ ಈ ಸಂಗತಿಗೆ ಹೆಚ್ಚು ಬೆಲೆ ಕೊಡಿ. ಚಕ್ರದ ಅಳತೆಯೂ ಹಾಗೆಯೇ: ಬರ್ಗ್‌ಮನ್ 400ರ ಹಿಂದಿನ ಚಕ್ರ 13 ಇಂಚು, ಫೋರ್ಜಾ 350ರದ್ದು 14, ಟಿಮ್ಯಾಕ್ಸ್‌ನದು 15.

## ಹಂತ 6: ಡಿಕ್ಕಿ ಮತ್ತು ಕೀಲಿ

ಲೀಟರ್ ಅಂಕಿ ಆಕಾರವನ್ನು ಹೇಳುವುದಿಲ್ಲ. ನಿಮ್ಮದೇ ಎರಡು ಹೆಲ್ಮೆಟ್ ಇಟ್ಟು ಸೀಟು ಮುಚ್ಚಿ. ಒತ್ತಿ ಹಿಡಿದರೆ ಮಾತ್ರ ಬೀಗ ಬೀಳುತ್ತದೆ ಎಂದರೆ ಹಿಡಿಯಲಿಲ್ಲ ಎಂದೇ ಅರ್ಥ. ಬಲವಂತ ಮಾಡಿದರೆ ಹೆಲ್ಮೆಟ್ಟಿನ ಗಾಜು ಗೀರಾಗುತ್ತದೆ, ಸೀಟಿನ ಕೊಂಡಿ ಬಾಗುತ್ತದೆ. ಡಿಕ್ಕಿ ಎಂಜಿನ್ ಮೇಲೆಯೇ ಇರುವ ಗಾಡಿಯಲ್ಲಿ ಒಳಗೆ ಬಿಸಿಯಾಗುತ್ತದೆ, ಔಷಧಿ, ಲ್ಯಾಪ್‌ಟಾಪ್ ಇಡುವವರು ಗಮನಿಸಿ.

ಈಗಿನ ಗಾಡಿಗಳಿಗೆ ಹೆಚ್ಚಾಗಿ ಸ್ಮಾರ್ಟ್ ಕೀ, ಜೇಬಿನಲ್ಲಿದ್ದರೆ ಸಾಕು. ಸೀಟು, ಪೆಟ್ರೋಲ್ ಮುಚ್ಚಳ, ಹ್ಯಾಂಡಲ್ ಲಾಕ್ ಮೂರೂ ವಿದ್ಯುತ್ತಿನಿಂದ ತೆರೆಯುತ್ತವೆ. "ಗಾಡಿಯ ಬ್ಯಾಟರಿ ಪೂರ್ತಿ ಸತ್ತರೆ ಸೀಟು ತೆರೆಯುವುದು ಹೇಗೆ?" ಎಂದು ಕೇಳಿ, ಮಾಡಿ ತೋರಿಸಲು ಹೇಳಿ. ಬ್ಯಾಟರಿ ಸೀಟಿನಡಿಯೇ ಇದ್ದು, ತುರ್ತು ಕೀಲಿಯನ್ನೂ ಡಿಕ್ಕಿಯೊಳಗೇ ಇಟ್ಟವರ ಪಾಡು ಬೇಡ.

## ಹಂತ 7: ಟೆಸ್ಟ್ ರೈಡ್

ಈಗ ಪಟ್ಟಿಯಲ್ಲಿ ಎರಡು ಅಥವಾ ಮೂರು ಗಾಡಿ ಉಳಿದಿರಬೇಕು. ಬಡಾವಣೆಯ ಒಂದು ಸುತ್ತು ಸಾಲದು. ಕನಿಷ್ಠ ಅರ್ಧ ಗಂಟೆ, ಹೆದ್ದಾರಿಯೂ ಕೆಟ್ಟ ರಸ್ತೆಯೂ ಸೇರಿದ ದಾರಿ ಕೇಳಿ.

ಎಂಜಿನ್ ತಣ್ಣಗಿರುವಾಗಲೇ ಶುರು ಮಾಡಿ. ಮೊದಲು ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಎಂಟರ ಆಕಾರ ಹಾಕಿ: ಆಕ್ಸಿಲರೇಟರ್ ಸ್ವಲ್ಪ ತೆರೆದಿಟ್ಟು, ಹಿಂದಿನ ಬ್ರೇಕಿನಿಂದ ವೇಗ ಹಿಡಿಯಿರಿ. ಪೂರ್ತಿ ಮುಚ್ಚಿದರೆ ಸಿವಿಟಿಯ ಕ್ಲಚ್ ಬಿಟ್ಟುಕೊಂಡು ತಿರುವಿನ ನಡುವೆ ಎಳೆತ ತಪ್ಪುತ್ತದೆ. ಭಾರದ ಗಾಡಿಗಳು ಯು-ಟರ್ನ್‌ನಲ್ಲಿ ಬೀಳುವುದಕ್ಕೆ ಇದೊಂದು ಮುಖ್ಯ ಕಾರಣ. ಡಿಸಿಟಿ ಗಾಡಿಯಲ್ಲೂ ಇದೇ ಪರೀಕ್ಷೆ ಮಾಡಿ. ಮೊದಲ ಗೇರಿನ ಜಗ್ಗಾಟ ನಿಮಗೆ ಸಹ್ಯವೇ ಎಂಬುದು ಇಲ್ಲೇ ಗೊತ್ತಾಗುತ್ತದೆ.

ಆಮೇಲೆ 60ರಿಂದ 100ಕ್ಕೆ ಏರಿಸಿ. ಹಿಂದಿಕ್ಕಲು ಬೇಕಾದ ಎಳೆತ ಇದು, ನಿಂತಲ್ಲಿಂದ ಹಾರುವ ಪಿಕಪ್ ಅಲ್ಲ. ಹೆದ್ದಾರಿ ವೇಗದಲ್ಲಿ ಗಾಳಿ ಹೆಲ್ಮೆಟ್ಟಿಗೆ ಎಲ್ಲಿ ಬಡಿಯುತ್ತದೆ ನೋಡಿ. ಗಾಳಿತಡೆ ಎತ್ತರವಾದರೆ ಎಲ್ಲವೂ ಸರಿ ಎಂದುಕೊಳ್ಳಬೇಡಿ. ಅದರ ಅಂಚಿನಿಂದ ಎದ್ದ ಸುಳಿಗಾಳಿ ತಲೆಯನ್ನು ಅಲ್ಲಾಡಿಸಿದರೆ ಕಡಿಮೆ ಎತ್ತರದ್ದೇ ವಾಸಿ. ಕೊನೆಗೆ ಹಿಂದಿನವರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ, ಅವರ ಮಂಡಿ ಎಷ್ಟು ಮಡಿಚಿದೆ ಎಂದು ಕೇಳಿ. ಬ್ರೇಕ್ ಹಿಡಿದಾಗಲೆಲ್ಲ ಅವರು ನಿಮ್ಮ ಮೇಲೆ ಜಾರಿ ಬೀಳುತ್ತಿದ್ದರೆ ಸೀಟಿನ ಇಳಿಜಾರು ಸರಿಯಿಲ್ಲ, ದೂರದ ದಾರಿಗೆ ಅದು ಆಗದು.

## ಹಂತ 8: ಬಿಡಿಭಾಗ ಮತ್ತು ಸರ್ವೀಸ್

ಒಮ್ಮೆ ಮಾದರಿ ನಿಂತ ಕಷ್ಟ ಉಂಡವರು ಎರಡನೇ ಸಲ ಉಣ್ಣಬಾರದು. ಎಂಜಿನ್ ಬೇರೆ ಮಾದರಿಗಳಲ್ಲೂ ಇದೆಯೇ ನೋಡಿ. ಫೋರ್ಜಾ 750ರ 745 ಸಿಸಿ ಎಂಜಿನ್ ಎಕ್ಸ್-ಎಡಿವಿ ಮತ್ತು ಎನ್‌ಸಿ 750 ಬೈಕಿನಲ್ಲೂ ಇದೆ. ಒಂದು ನಿಂತರೂ ಉಳಿದವು ಭಾಗಗಳನ್ನು ಜೀವಂತ ಇಡುತ್ತವೆ. ಬರ್ಗ್‌ಮನ್ 650ರ ಎಲೆಕ್ಟ್ರಾನಿಕ್ ಸಿವಿಟಿ ಹಾಗಲ್ಲ, ಆ ಒಂದು ಗಾಡಿಗೆಂದೇ ಮಾಡಿದ್ದು.

ಸರ್ವೀಸ್ ಸೆಂಟರಿನಲ್ಲಿ ಕೇಳಬೇಕಾದ್ದು: ಬೆಲ್ಟ್ ಸ್ಟಾಕಿನಲ್ಲಿದೆಯೇ, ಬದಲಿಸಲು ಎಷ್ಟು ಗಂಟೆಯ ಕೂಲಿ, ವಾಲ್ವ್ ಕ್ಲಿಯರೆನ್ಸ್ (ಎಂಜಿನ್ ವಾಲ್ವ್‌ಗಳ ಸಂದು) ನೋಡಬೇಕಾದ್ದು ಎಷ್ಟು ಕಿಲೋಮೀಟರಿಗೆ, ಅದಕ್ಕೆ ಎಷ್ಟು ಪ್ಯಾನೆಲ್ ಬಿಚ್ಚಬೇಕು. ಮ್ಯಾಕ್ಸಿಯಲ್ಲಿ ಕೆಲಸಕ್ಕಿಂತ ಬಿಚ್ಚಿ ಜೋಡಿಸುವ ಕೂಲಿಯೇ ಹೆಚ್ಚಾಗುವುದುಂಟು. "ತರಿಸಿಕೊಡುತ್ತೇವೆ" ಎಂಬ ಉತ್ತರ ಬಂದರೆ ಎಷ್ಟು ದಿನದಲ್ಲಿ ಎಂದು ಮತ್ತೆ ಕೇಳಿ. ಟೈರಿನ ಅಳತೆ ಬರೆದುಕೊಂಡು ಅದು ಎಷ್ಟು ಕಂಪನಿಗಳಲ್ಲಿ ಸಿಗುತ್ತದೆ ಎಂದೂ ವಿಚಾರಿಸಿ.

## ಹಂತ 9: ನಿಂತ ಮಾದರಿಯ ಕೊನೆಯ ಸ್ಟಾಕು ಕೊಳ್ಳುವುದಾದರೆ

ರಿಯಾಯಿತಿ ದೊಡ್ಡದಾಗಿ ಕಾಣುತ್ತದೆ. ಕೊಳ್ಳಬಾರದೆಂದಲ್ಲ, ಆದರೆ ಮೊದಲು ಇವನ್ನು ನೋಡಿ.

ಹೊಗೆ ನಿಯಮ ಬದಲಾದ ಮೇಲೆ ಆ ಗಾಡಿಯ ನೋಂದಣಿ ಸಾಧ್ಯವೇ? ಇದನ್ನು ಬಾಯಿಮಾತಿನಲ್ಲಿ ನಂಬದೆ ಬರಹದಲ್ಲಿ ಪಡೆಯಿರಿ. ಮಾರಾಟದ ಅಂಕಿಗಾಗಿ ಮೊದಲೇ ನೋಂದಾಯಿಸಿದ ಗಾಡಿಯಾದರೆ ವಾರಂಟಿ ಆಗಲೇ ಓಡುತ್ತಿರಬಹುದು. ಶುರುವಾದ ದಿನಾಂಕ ಕೇಳಿ.

ಟೈರಿನ ಪಕ್ಕದಲ್ಲಿ DOT ಎಂಬ ಅಕ್ಷರಗಳಿರುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2322 ಎಂದಿದ್ದರೆ 2022ರ 23ನೇ ವಾರ ತಯಾರಾದದ್ದು. ಬಹಳ ಕಾಲ ನಿಂತ ಗಾಡಿಯಲ್ಲಿ ಬ್ಯಾಟರಿ ಸೊರಗಿರುತ್ತದೆ, ಟ್ಯಾಂಕಿನ ಪೆಟ್ರೋಲ್ ಹಳತಾಗಿರುತ್ತದೆ, ಬ್ರೇಕ್ ಆಯಿಲ್ ತೇವ ಹೀರಿರುತ್ತದೆ. ಎರಡು ವರ್ಷ ದಾಟಿದ್ದರೆ ಬ್ಯಾಟರಿ, ಬ್ರೇಕ್ ಆಯಿಲ್ ಎರಡನ್ನೂ ಹೊಸದಾಗಿ ಹಾಕಿಸಿಕೊಳ್ಳುವುದನ್ನು ವ್ಯಾಪಾರದ ಷರತ್ತು ಮಾಡಿ.

ಎಚ್ಚರಿಕೆಯ ಲಕ್ಷಣಗಳು: ಫೋರ್ಕಿನ ನಳಿಗೆಯ ಮೇಲೆ ಎಣ್ಣೆಯ ಉಂಗುರ, ಬ್ರೇಕ್ ಡಿಸ್ಕಿನಲ್ಲಿ ಉಜ್ಜಿದರೂ ಹೋಗದ ತುಕ್ಕಿನ ಗುಳಿ, ಸೈಲೆನ್ಸರ್ ಜೋಡಣೆಯಲ್ಲಿ ತುಕ್ಕು, ಮತ್ತು "ಈ ವಾರವೇ ತೀರ್ಮಾನಿಸಿ" ಎಂಬ ಒತ್ತಾಯ.

## ಹಂತ 10: ಗಾಡಿ ಕೈಗೆ ಬರುವ ದಿನ

ಹಗಲು ಬೆಳಕಿನಲ್ಲಿ ತೆಗೆದುಕೊಳ್ಳಿ. ಚಾಸಿ ನಂಬರ್ ಕಾಗದದೊಂದಿಗೆ ತಾಳೆ ನೋಡಿ. ಎರಡೂ ಸ್ಮಾರ್ಟ್ ಕೀ ಕೆಲಸ ಮಾಡುತ್ತವೆಯೇ ಪರೀಕ್ಷಿಸಿ, ಕೀಯ ಗುರುತು ಸಂಖ್ಯೆಯ ಚೀಟಿ ಕೊಟ್ಟರೆ ಮನೆಯಲ್ಲಿ ತೆಗೆದಿಡಿ. ಟೈರಿನ ಗಾಳಿ ತಣ್ಣಗಿರುವಾಗ ಅಳೆಸಿ, ಇಬ್ಬರು ಹೋಗುವಾಗಿನ ಒತ್ತಡ ಬೇರೆ ಇರುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರಿನ ಬಿಗಿಯನ್ನು ನಿಮ್ಮ ತೂಕಕ್ಕೆ ಹೊಂದಿಸಿಕೊಂಡೇ ಹೊರಡಿ.

ಹೊಸ ಟೈರಿನ ಮೇಲ್ಮೈ ಮೊದಲ 150 ಕಿಲೋಮೀಟರಿನಷ್ಟು ದೂರ ಜಾರುತ್ತದೆ, ತಿರುವುಗಳಲ್ಲಿ ಜೋರಾಗಿ ಬಾಗಿಸಬೇಡಿ. ಬ್ರೇಕ್ ಪ್ಯಾಡ್ ಕೂಡ ಡಿಸ್ಕಿಗೆ ಹೊಂದಿಕೊಳ್ಳಲು ಸಮಯ ಬೇಕು. ರನ್-ಇನ್ ಅವಧಿಯಲ್ಲಿ (ಹೊಸ ಎಂಜಿನ್ ಪಳಗುವ ಮೊದಲ ದಿನಗಳಲ್ಲಿ) ಗಂಟೆಗಟ್ಟಲೆ ಒಂದೇ ವೇಗದಲ್ಲಿ ಹೋಗದೆ ಏರಿಳಿಸುತ್ತ ಓಡಿಸಿ, ಆಕ್ಸಿಲರೇಟರನ್ನು ಪೂರ್ತಿ ತೆರೆಯಬೇಡಿ. ಮೊದಲ ಸರ್ವೀಸ್ ಸಾಮಾನ್ಯವಾಗಿ 1,000 ಕಿಲೋಮೀಟರಿಗೆ. ಎಂಜಿನ್ ಆಯಿಲ್ ಜೊತೆಗೆ, ಸಿವಿಟಿ ಗಾಡಿಯಾದರೆ ಹಿಂದಿನ ಗೇರ್ ಆಯಿಲನ್ನೂ ಬದಲಿಸಬೇಕೇ ಎಂದು ಕೈಪಿಡಿಯಲ್ಲಿ ನೋಡಿ, ಬೇಕಿದ್ದರೆ ಬಿಲ್ಲಿನಲ್ಲಿ ಅದು ನಮೂದಾಗಿದೆಯೇ ಓದಿ. ಬಿಟ್ಟುಹೋಗಿದ್ದರೆ ಅಲ್ಲಿಯೇ ನಿಂತು ಮಾಡಿಸಿಕೊಂಡು ಬನ್ನಿ.